ರೈಲು ಟಿಕೆಟ್ಟಿನ ಕ್ಯೂ ಎಲ್ಲಿ ಹೋಯ್ತು?

ನಾವು ದಿನಾ ಬಳಸುವ ವೆಬ್‌ಸೈಟುಗಳಿಗೂ ಒಂದು ಇತಿಹಾಸ ಇರುತ್ತೆ ಅನ್ನೋದು ನಮಗೆ ಹೊಳೆಯೋದೇ ಕಡಿಮೆ. ರೈಲು ಟಿಕೆಟ್ಟಿನ ವಿಷಯದಲ್ಲಂತೂ ನಾವು ಮಾಡೋ ಕೆಲಸ ಎರಡೇ. ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸೋದು, ಸಿಗದಿದ್ದರೆ ಬೈಕೊಂಡು ಬಸ್ಸಿನ ಸೈಟು ತೆರೆಯೋದು :)

ಬಹಳ ದಿನಗಳಿಂದ ಇದರ ಬಗ್ಗೆ ಬರೀಬೇಕು ಅಂದುಕೊಂಡಿದ್ದೆ. ನಾನು ಹುಟ್ಟಿ ಬೆಳೆದ ಈ ಇಪ್ಪತ್ತೆಂಟು ವರ್ಷದಲ್ಲೇ ರೈಲು ರಿಸರ್ವೇಶನ್ ಅನ್ನೋದು ಸ್ಟೇಶನ್ನಿನ ಕಿಟಕಿಯಿಂದ ಸೈಬರ್ ಸೆಂಟರಿಗೆ, ಅಲ್ಲಿಂದ ಜೇಬಿನ ಮೊಬೈಲಿಗೆ ಬಂದುಬಿಟ್ಟಿದೆ. ಪ್ರತಿ ಸಲವೂ ನಮಗೆ ಹೇಳಿದ ಮಾತು ಒಂದೇ: "ಇನ್ನು ಮೇಲೆ ಕ್ಯೂ ನಿಲ್ಲೋ ಹಾಗಿಲ್ಲ". ಆದರೆ ಬರ್ತುಗಳಿಗಿಂತ ಹತ್ತುವವರು ಜಾಸ್ತಿ ಇರೋವರೆಗೆ ಕ್ಯೂ ಎಲ್ಲಿಗಾದರೂ ಹೋಗಲೇಬೇಕಲ್ಲ? ಎಲ್ಲಿಗೆ ಹೋಯ್ತು, ಹೋಗುವಾಗ ಯಾರನ್ನು ಮುಂದೆ ಬಿಟ್ಟಿತು, ಯಾರನ್ನು ಹಿಂದೆ ತಳ್ಳಿತು ಅನ್ನೋದೇ ಈ ಬರಹ.

ನಮ್ಮೂರು ಹಾವೇರಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಬೆಂಗಳೂರಿಗೆ ಹೋಗಬೇಕು ಅಂದರೆ ಅಪ್ಪ ಬೆಳಗ್ಗೆ ಬೇಗ ಎದ್ದು ಸ್ಟೇಶನ್ನಿಗೆ ಹೋಗೋರು. ಕೌಂಟರ್ ತೆಗೆಯೋ ಹೊತ್ತಿಗೆ ಮುಂದೆ ಹತ್ತು ಜನರಾದರೂ ಇರೋರು. ಒಂದು ಫಾರಂ, ಅದರಲ್ಲಿ ಆರು ಜನರ ಹೆಸರಿಗೆ ಜಾಗ, ಗಾಡಿ ನಂಬರು, ವಯಸ್ಸು, ಲೋವರ್ ಬರ್ತ್ ಬೇಕೋ ಅಪ್ಪರ್ ಬೇಕೋ ಅನ್ನೋ ಪ್ರಶ್ನೆ. ದಾರ ಕಟ್ಟಿದ ಒಂದು ಪೆನ್ನು, ಅದೂ ಬರೀತಿರಲಿಲ್ಲ. ಓದು ಬರಹ ಬರದವರು ಅಪ್ಪನ ಹತ್ತಿರ ಬಂದು "ಸರ, ಸ್ವಲ್ಪ ತುಂಬಿಕೊಡ್ರಿ" ಅನ್ನೋರು. ಅಪ್ಪ ಕ್ಯೂನಲ್ಲಿ ನಿಂತೇ ಮೂರು ನಾಲ್ಕು ಜನರ ಫಾರಂ ತುಂಬಿ ಕೊಡೋರು. ಯಾರಾದರೂ ನಡುವೆ ನುಗ್ಗಿದರೆ ಇಡೀ ಸಾಲು ಒಟ್ಟಿಗೆ "ಏ ತಮ್ಮಾ, ಹಿಂದ್ ಬಾ" ಅಂತ ಕೂಗೋದು.

ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದಕ್ಕೂ ಹಿಂದಿನ ಕಥೆ ಸ್ವಲ್ಪ ನೋಡೋಣ. ರೈಲು ಟಿಕೆಟ್ಟಿಗೆ ನಂಬರು ಹಾಕೋ ಪದ್ಧತಿ ತಂದವನು ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್. ಮೊದಲು ಮರಗೆಲಸದವನು, ಆಮೇಲೆ ಸ್ಟೇಶನ್ ಮಾಸ್ಟರ್. 1830ರ ದಶಕದ ಕೊನೆಯಲ್ಲಿ ಅವನು ಗಟ್ಟಿ ರಟ್ಟಿನ ಚಿಕ್ಕ ಟಿಕೆಟ್ಟುಗಳ ಮೇಲೆ ಕ್ರಮವಾಗಿ ಸಂಖ್ಯೆ ಮುದ್ರಿಸಿ ಮಾರೋದಕ್ಕೆ ಶುರು ಮಾಡಿದ. ಎಷ್ಟು ಟಿಕೆಟ್ ಮಾರಾಟ ಆಯ್ತು, ಎಷ್ಟು ದುಡ್ಡು ಬರಬೇಕು ಅನ್ನೋದು ನಂಬರಿನಿಂದಲೇ ಗೊತ್ತಾಗೋದು. ನಮ್ಮಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ, ಬೋರಿಬಂದರಿನಿಂದ ಠಾಣೆಗೆ. ಬೆಂಗಳೂರು ಕಂಟೋನ್ಮೆಂಟಿನಿಂದ ಜೋಲಾರಪೇಟೆಗೆ ಹಳಿ ಬಂದದ್ದು 1864ರಲ್ಲಿ. ಎಡ್ಮಂಡ್ಸನ್ನನ ಆ ರಟ್ಟಿನ ಟಿಕೆಟ್ಟು ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಹೆಚ್ಚು ಬಾಳಿತು. ಅದನ್ನು ಕಂಡವರು ನಿಮ್ಮಲ್ಲೂ ಇರಬಹುದು.

ಆದರೆ ಆ ಟಿಕೆಟ್ಟು ಹೇಳುತ್ತಿದ್ದದ್ದು "ಇವನು ದುಡ್ಡು ಕೊಟ್ಟಿದ್ದಾನೆ" ಅಂತ ಮಾತ್ರ. ಮಲಗೋದಕ್ಕೆ ಜಾಗ ಇದೆಯೋ ಇಲ್ಲವೋ ಅನ್ನೋದು ಬೇರೆ ಲೆಕ್ಕ. ಅದಕ್ಕೆ ದಪ್ಪ ದಪ್ಪ ರಿಜಿಸ್ಟರುಗಳು. ಒಂದು ಗಾಡಿಯ ಒಂದು ದಿನದ ಪುಟದಲ್ಲಿ ಗುಮಾಸ್ತರು ಕೈಯಲ್ಲೇ ಹೆಸರು ಬರೆದುಕೊಳ್ಳಬೇಕು. ರಿಜಿಸ್ಟರು ಒಂದೇ ಇರೋದರಿಂದ ಆ ಗಾಡಿಯ ಟಿಕೆಟ್ಟು ಆ ಒಂದು ಕೌಂಟರಿನಲ್ಲೇ. ತಪ್ಪಾದ ಕ್ಯೂನಲ್ಲಿ ಎರಡು ಗಂಟೆ ನಿಂತರೆ ಅದು ನಿಮ್ಮ ಹಣೆಬರಹ. ನಡುವಿನ ಸ್ಟೇಶನ್ನಿನಿಂದ ಹತ್ತಬೇಕು ಅಂದರೆ ಆ ಸ್ಟೇಶನ್ನಿಗೆ ಅಂತ ಇಟ್ಟ ನಾಲ್ಕೈದು ಬರ್ತಿನ ಕೋಟಾದಲ್ಲಿ ಸಿಗಬೇಕು, ಇಲ್ಲವಾದರೆ ಗಾಡಿ ಹೊರಡುವ ಊರಿಗೆ ಟೆಲಿಗ್ರಾಂ ಕಳಿಸಿ ಉತ್ತರಕ್ಕೆ ಕಾಯಬೇಕು.

ಇಲ್ಲಿ ಒಂದು ನಿಮಿಷ ಇಂಜಿನಿಯರ್ ಟೋಪಿ ಹಾಕಿಕೊಳ್ತೀನಿ. ಹೊರಗಿನಿಂದ ನೋಡಿದರೆ 72 ಬರ್ತಿನ ಸ್ಲೀಪರ್ ಬೋಗಿಯ ಲೆಕ್ಕ ಏನು ಮಹಾ ಅನ್ನಿಸುತ್ತೆ. ಆದರೆ ಒಂದೇ ಬರ್ತನ್ನು ಬೆಂಗಳೂರಿನಿಂದ ಅರಸೀಕೆರೆಗೆ ಒಬ್ಬರಿಗೆ, ಅರಸೀಕೆರೆಯಿಂದ ಹುಬ್ಬಳ್ಳಿಗೆ ಇನ್ನೊಬ್ಬರಿಗೆ ಕೊಡಬಹುದು. ಅದರ ಮೇಲೆ ಕೋಟಾಗಳು: ಜನರಲ್, ಮಹಿಳೆಯರದ್ದು, ಸೇನೆಯವರದ್ದು, ದೂರದ ಸ್ಟೇಶನ್ನುಗಳದ್ದು, ಹೆಡ್‌ಕ್ವಾರ್ಟರ್ಸಿನದ್ದು, ತತ್ಕಾಲ್. ಅದರ ಮೇಲೆ ಆರ್‌ಎಸಿ, ಅಂದರೆ ಒಂದು ಸೈಡ್ ಲೋವರ್ ಬರ್ತಿನ ಮೇಲೆ ಇಬ್ಬರು ಗುರುತಿಲ್ಲದವರು ಮೊಣಕಾಲು ಮಡಚಿ ಕೂರೋ ಏರ್ಪಾಡು. ಅದರ ಕೆಳಗೆ ವೇಟಿಂಗ್ ಲಿಸ್ಟು, ಅದರಲ್ಲೂ ನಾಲ್ಕಾರು ಬಗೆ. ಒಬ್ಬ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಇಡೀ ಸಾಲು ಒಂದು ಹೆಜ್ಜೆ ಮುಂದೆ ಸರಿಯಬೇಕು. ಇದೆಲ್ಲ ನಡೆಯುವಾಗ ಎರಡು ಊರಿನಲ್ಲಿ ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಒಂದೇ ಬರ್ತ್ ಮಾರಿಬಿಡಬಾರದು. ಇವತ್ತು ನಮ್ಮ ಇಂಟರ್‌ವ್ಯೂಗಳಲ್ಲಿ ಲಾಕಿಂಗ್, ಟ್ರಾನ್ಸಾಕ್ಷನ್ ಅಂತ ಕೇಳೋ ಪ್ರಶ್ನೆಗಳೆಲ್ಲ ಇದರಲ್ಲೇ ಇವೆ.

ಈ ಲೆಕ್ಕವನ್ನು ಮೊದಲು ಕಂಪ್ಯೂಟರಿಗೆ ಹಾಕಿದ್ದು ದೆಹಲಿಯಲ್ಲಿ, 1985-86ರ ಹೊತ್ತಿಗೆ. ಮಾಡಿದ್ದು ಸಿಎಂಸಿ ಅನ್ನೋ ಸರಕಾರಿ ಕಂಪನಿ. ಆ ವ್ಯವಸ್ಥೆಯ ಹೆಸರು ಇಂಪ್ರೆಸ್. ಅದರಿಂದಾದ ಬಹಳ ದೊಡ್ಡ ಬದಲಾವಣೆ ಅಂದರೆ ಯಾವ ಕೌಂಟರಿನಲ್ಲಿ ನಿಂತರೂ ಯಾವ ಗಾಡಿಯ ಟಿಕೆಟ್ಟಾದರೂ ಸಿಗುವಂತಾದದ್ದು. ರಿಜಿಸ್ಟರು ಎಲ್ಲ ಕಿಟಕಿಗಳಿಗೂ ಒಂದೇ ಸಲ ತೆರೆದುಕೊಂಡಿತು. 1986ರಲ್ಲೇ ರೈಲ್ವೆ ತನ್ನ ಕಂಪ್ಯೂಟರ್ ಕೆಲಸಕ್ಕಾಗಿ ಕ್ರಿಸ್ ಅನ್ನೋ ಸಂಸ್ಥೆ ಕಟ್ಟಿತು.

ಆದರೂ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸು, ಸಿಕಂದರಾಬಾದು ಹೀಗೆ ಐದು ಕೇಂದ್ರಗಳು ಐದು ದ್ವೀಪಗಳಂತೆ ಬೇರೆ ಬೇರೆಯೇ ಇದ್ದವು. ಅವನ್ನು ಒಂದಕ್ಕೊಂದು ಜೋಡಿಸಲು ಕ್ರಿಸ್ ಬರೆದ ಹೊಸ ತಂತ್ರಾಂಶ ಕಾನ್ಸರ್ಟ್. ಅದು ಮೊದಲು ಶುರುವಾದದ್ದು 1994ರಲ್ಲಿ, ಸಿಕಂದರಾಬಾದಿನಲ್ಲಿ. ಐದೂ ಕೇಂದ್ರಗಳು ಪೂರ್ತಿ ಜೋಡಣೆ ಆದದ್ದು 1999ರ ಏಪ್ರಿಲಿನಲ್ಲಿ. ಇದರ ಕುರುಹು ಈಗಲೂ ನಿಮ್ಮ ಟಿಕೆಟ್ಟಿನ ಮೇಲಿದೆ. ಪಿಎನ್‌ಆರ್ ಹತ್ತು ಅಂಕಿಗಳಲ್ಲಿ ಮೊದಲನೆಯದು ಯಾವ ಕೇಂದ್ರ ಅನ್ನೋದನ್ನು ಹೇಳುತ್ತೆ. ನಮ್ಮ ಕಡೆಯಿಂದ ಹೊರಡೋ ಗಾಡಿಗಳ ಪಿಎನ್‌ಆರ್ ಸಾಮಾನ್ಯವಾಗಿ 4ರಿಂದ ಶುರುವಾಗೋದು ಅವುಗಳ ಲೆಕ್ಕ ಚೆನ್ನೈ ಕೇಂದ್ರದಲ್ಲಿ ಇರೋದರಿಂದ. ಹಳೆಯ ಟಿಕೆಟ್ಟು ಇದ್ದರೆ ತೆಗೆದು ನೋಡಿ.

ಹೀಗೆ 1999ಕ್ಕೆ ದೇಶದ ಬರ್ತುಗಳೆಲ್ಲ ಒಂದೇ ಜಾಲಕ್ಕೆ ಸೇರಿದ್ದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಐಆರ್‌ಸಿಟಿಸಿ ಹುಟ್ಟಿತು. ಮೂರು ವರ್ಷದ ನಂತರ, 2002ರ ಆಗಸ್ಟ್ 3ರಂದು, ಅದರ ವೆಬ್‌ಸೈಟಿನಲ್ಲಿ ಟಿಕೆಟ್ ಮಾರಾಟ ಶುರುವಾಯಿತು. ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ಈ ಸೈಟು ಒಂದು ಹೊಸ ಕಿಟಕಿ, ಅಷ್ಟೇ. ಬರ್ತುಗಳ ರಿಜಿಸ್ಟರು ಇರೋದು ಹಿಂದೆ ಕ್ರಿಸ್ ನಡೆಸುವ ಆ ಹಳೆಯ ವ್ಯವಸ್ಥೆಯಲ್ಲೇ. ಹಾವೇರಿಯ ಕೌಂಟರಿನಲ್ಲಿ ನಿಂತವರೂ ಅಮೆರಿಕದಲ್ಲಿ ಕೂತು ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವವರೂ ಕೈ ಹಾಕೋದು ಒಂದೇ ಬುಟ್ಟಿಗೆ.

ಶುರುವಿನಲ್ಲಿ ಸಿಗುತ್ತಿದ್ದದ್ದು ಐ-ಟಿಕೆಟ್. ನೆಟ್ಟಿನಲ್ಲಿ ಬುಕ್ ಮಾಡಿದರೆ ಅಸಲಿ ಟಿಕೆಟ್ಟು ಕಾಗದದಲ್ಲಿ ಮುದ್ರಣವಾಗಿ ಕೊರಿಯರಿನಲ್ಲಿ ಮನೆಗೆ ಬರೋದು. ಈಗ ಕೇಳಿದರೆ ನಗು ಬರುತ್ತೆ. ಆದರೆ ಯೋಚನೆ ಮಾಡಿ, ಟಿಕೆಟ್ ಅಂದರೆ ಕಾಗದ ಅಂತ ನೂರೈವತ್ತು ವರ್ಷದಿಂದ ನಂಬಿದ ಸಂಸ್ಥೆ ಅದು. ಕೊರಿಯರ್ ಬರೋದಕ್ಕೆ ಟೈಮು ಬೇಕಾದ್ದರಿಂದ ಪ್ರಯಾಣಕ್ಕೆ ಕೆಲವು ದಿನ ಮುಂಚೆಯೇ ಬುಕ್ ಮಾಡಬೇಕಿತ್ತು. ಮನೆಯಲ್ಲಿ ಯಾರಾದರೂ ಇದ್ದು ಇಸಿದುಕೊಳ್ಳಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಕ್ರೆಡಿಟ್ ಕಾರ್ಡೋ ನೆಟ್ ಬ್ಯಾಂಕಿಂಗೋ ಬೇಕಿತ್ತು. 2002ರಲ್ಲಿ ನಮ್ಮ ಓಣಿಯಲ್ಲಿ ಅದು ಯಾರ ಹತ್ತಿರವೂ ಇರಲಿಲ್ಲ.

2005ರಲ್ಲಿ ಇ-ಟಿಕೆಟ್ ಬಂತು. ನಾವೇ ಪ್ರಿಂಟ್ ತೆಗೆದುಕೊಂಡು, ಗುರುತಿನ ಚೀಟಿ ತೋರಿಸಿದರೆ ಸಾಕು. ಟಿಕೆಟ್ಟು ಕಾಗದದಿಂದ ಬಿಡುಗಡೆ ಆಗಿ ಒಂದು ನಂಬರು ಮತ್ತು ಒಂದು ಹೆಸರು ಆದದ್ದು ಆಗಲೇ. 2012ರಲ್ಲಿ ಪ್ರಿಂಟೂ ಬೇಡ, ಮೊಬೈಲಿನ ಮೆಸೇಜು ತೋರಿಸಿದರೂ ನಡೆಯುತ್ತೆ ಅಂತಾಯ್ತು. ಅದೇ ವರ್ಷ ಡಿಸೆಂಬರ್ 1ರಿಂದ ಎಲ್ಲ ರಿಸರ್ವ್ಡ್ ಕ್ಲಾಸುಗಳಲ್ಲೂ ಒಬ್ಬರಾದರೂ ಗುರುತಿನ ಚೀಟಿ ಇಟ್ಟುಕೊಂಡಿರಬೇಕು ಅನ್ನೋ ನಿಯಮ ಬಂತು.

ನಮ್ಮೂರಿನಲ್ಲಿ ಇ-ಟಿಕೆಟ್ ಅಂದರೆ ಸೈಬರ್ ಸೆಂಟರ್. ಬಸ್ ಸ್ಟ್ಯಾಂಡಿನ ಹತ್ತಿರ ಮೂರು ಕಂಪ್ಯೂಟರಿನ ಒಂದು ಅಂಗಡಿ. ಗೋಡೆ ಮೇಲೆ ಕೈಬರಹದ ಪಟ್ಟಿ: ಜೆರಾಕ್ಸ್, ಪರೀಕ್ಷೆ ರಿಸಲ್ಟ್, ಪಾನ್ ಕಾರ್ಡ್, ರೈಲ್ವೆ ಟಿಕೆಟ್. ಮಾಲೀಕ ತನ್ನ ಕಾರ್ಡಿನಿಂದ ದುಡ್ಡು ಕಟ್ಟಿ, ಮೇಲೆ ಇಷ್ಟು ಅಂತ ಇಸಿದುಕೊಂಡು, ಮಸುಕು ಶಾಯಿಯ ಒಂದು ಹಾಳೆ ಕೊಡೋನು. ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮತ್ತೆ ಬ್ಯಾಗಿನ ಒಳಜೇಬಿನಲ್ಲಿ ಇಡೋರು. ನಂಬಿಕೆ ಇನ್ನೂ ಕಾಗದದ ಮೇಲೇ ಇತ್ತು.

ನಾನು ಇಂಜಿನಿಯರಿಂಗ್ ಸೇರಿದ ಮೇಲೆ ಓಣಿಯ ಟಿಕೆಟ್ ಇಲಾಖೆ ನನ್ನ ಪಾಲಿಗೆ ಬಂತು. ಈಗಲೂ ಅದು ನನ್ನದೇ! "ತಮ್ಮಾ, ಬೆಂಗಳೂರಿಗೆ ಮಗಳ ಮನಿಗೆ ಹೋಗೋದೈತಿ, ಎರಡು ಟಿಕೆಟ್ ತಗದು ಕೊಡಪಾ" ಅಂತ ಪಕ್ಕದ ಮನೆ ಕಾಕಾ ಫೋನ್ ಮಾಡ್ತಾರೆ. ಕಾಕಾ ಹತ್ತಿರ ಮೊಬೈಲ್ ಇದೆ, ಬ್ಯಾಂಕ್ ಅಕೌಂಟ್ ಇದೆ, ಯುಪಿಐ ಕೂಡ ಇದೆ. ಆದರೂ ಸೈಟಿನ ಲಾಗಿನ್, ಪಾಸ್‌ವರ್ಡ್, ಕ್ಯಾಪ್ಚಾ, ಓಟಿಪಿ ಇವನ್ನೆಲ್ಲ ದಾಟೋದು ಅವರಿಗೆ ಆಗದ ಮಾತು. ಒಂದು ಕಾಲಕ್ಕೆ ಅಪ್ಪ ಕ್ಯೂನಲ್ಲಿ ನಿಂತು ಫಾರಂ ತುಂಬಿ ಕೊಡುತ್ತಿದ್ದರಲ್ಲ, ಅದೇ ಕೆಲಸ ಈಗ ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಮಾಡ್ತಾ ಇದ್ದೀನಿ. ವ್ಯತ್ಯಾಸ ಏನು ಅಂದರೆ ಅಪ್ಪನ ಫಾರಂ ತುಂಬಿಸಿಕೊಂಡವನೂ ಅದೇ ಸಾಲಿನಲ್ಲಿ ನಿಂತಿರುತ್ತಿದ್ದ. ಕಾಕಾ ಈಗ ಯಾವ ಸಾಲಿನಲ್ಲೂ ಇಲ್ಲ.

ಇನ್ನು ತತ್ಕಾಲ್ ವಿಷಯ. ಇದು ಶುರುವಾದದ್ದು 1997ರ ಡಿಸೆಂಬರಿನಲ್ಲಿ. ತುರ್ತಾಗಿ ಹೋಗಬೇಕಾದವರಿಗೆ ಅಂತ ಕೆಲವು ಬರ್ತುಗಳನ್ನು ಎತ್ತಿಟ್ಟು, ಸ್ವಲ್ಪ ಹೆಚ್ಚು ದುಡ್ಡಿಗೆ ಕೊನೆಯಲ್ಲಿ ಮಾರೋ ಯೋಜನೆ. ಸಾವು, ಆಸ್ಪತ್ರೆ, ಇಂಟರ್‌ವ್ಯೂ ಇಂಥದ್ದಕ್ಕೆ ಅನ್ನೋದು ಉದ್ದೇಶ. ಕೌಂಟರಿನ ಕಾಲದಲ್ಲಿ ತತ್ಕಾಲ್ ಬೇಕಾದವನು ನಸುಕಿನಲ್ಲೇ ಹೋಗಿ ಕೂರೋನು. ಅಂದರೆ ತನ್ನ ನಿದ್ದೆ ಕೊಟ್ಟು ಜಾಗ ಕೊಂಡುಕೊಳ್ಳೋನು. ನಿದ್ದೆ ಎಲ್ಲರ ಹತ್ತಿರವೂ ಹೆಚ್ಚು ಕಡಿಮೆ ಒಂದೇ ಸಮ ಇರುತ್ತೆ. ಏಜೆಂಟರು ಹುಡುಗರನ್ನು ದುಡ್ಡು ಕೊಟ್ಟು ನಿಲ್ಲಿಸುತ್ತಿದ್ದರು ಅನ್ನೋದೂ ನಿಜ. ಆದರೆ ಅವರು ಕಣ್ಣಿಗೆ ಕಾಣುತ್ತಿದ್ದರು, ಜಗಳ ಆಡಬಹುದಿತ್ತು.

ನೆಟ್ಟಿಗೆ ಬಂದ ಮೇಲೆ ತತ್ಕಾಲ್ ಅನ್ನೋದು ವೇಗದ ಪಂದ್ಯ ಆಯ್ತು. ಮೊದಲು ಎಲ್ಲಕ್ಕೂ ಬೆಳಗ್ಗೆ 8 ಗಂಟೆ. 2012ರ ಜುಲೈನಲ್ಲಿ 10 ಗಂಟೆಗೆ ಹೋಯ್ತು. 2015ರ ಜೂನಿನಿಂದ ಎಸಿಗೆ 10, ಸ್ಲೀಪರಿಗೆ 11 ಅಂತ ಒಡೆದರು. ಸರ್ವರುಗಳ ಮೇಲೆ ಬೀಳುವ ಹೊರೆ ಹಂಚಿಹೋಗಲಿ ಅಂತ. 2014ರಲ್ಲಿ ಹೊಸ ಬುಕಿಂಗ್ ವ್ಯವಸ್ಥೆ ತಂದಾಗ ನಿಮಿಷಕ್ಕೆ 2,000 ಟಿಕೆಟ್ಟಿನ ಸಾಮರ್ಥ್ಯ 7,200ಕ್ಕೆ ಏರಿತು. 2025ರ ಮೇ 22ರಂದು ಒಂದೇ ನಿಮಿಷದಲ್ಲಿ 31,814 ಟಿಕೆಟ್ ಬುಕ್ ಆದ ದಾಖಲೆ ಇದೆ. ಒಬ್ಬ ಇಂಜಿನಿಯರಾಗಿ ಈ ಅಂಕಿಗೆ ನಾನು ಟೋಪಿ ತೆಗೆದು ನಮಸ್ಕಾರ ಮಾಡ್ತೀನಿ. ಪೇಮೆಂಟು, ಕೋಟಾ, ವೇಟಿಂಗ್ ಲಿಸ್ಟು ಎಲ್ಲ ಸರಿದೂಗಿಸಿಕೊಂಡು ಅಷ್ಟು ಮಾರೋದು ಹುಡುಗಾಟ ಅಲ್ಲ.

ಆದರೆ ಕಿಟಕಿ ಎಷ್ಟು ಅಗಲ ಮಾಡಿದರೂ ಬರ್ತುಗಳು ಅಷ್ಟೇ ಇವೆ. ನಿಮಿಷಕ್ಕೆ ಮೂವತ್ತು ಸಾವಿರ ಮಾರಬಲ್ಲ ಸರ್ವರಿನ ಮುಂದೆ ಒಂದು ಗಾಡಿಯ ತತ್ಕಾಲ್ ಕೋಟಾ ಸೆಕೆಂಡುಗಳ ಲೆಕ್ಕ. ಸೆಕೆಂಡುಗಳ ಪಂದ್ಯದಲ್ಲಿ ಮನುಷ್ಯ ಯಂತ್ರದ ಮುಂದೆ ಸೋಲೋದು ಸಹಜ. ಹೆಸರು, ವಯಸ್ಸು ತಾನೇ ತುಂಬಿ, ಕ್ಯಾಪ್ಚಾ ದಾಟಿ, ದುಡ್ಡು ಕಟ್ಟುವ ತಂತ್ರಾಂಶಗಳು ಏಜೆಂಟರ ನಡುವೆ ಮಾರಾಟ ಆಗತೊಡಗಿದವು. 2017ರ ಡಿಸೆಂಬರಿನಲ್ಲಿ ಸಿಬಿಐ ಇಂಥದ್ದೊಂದು ತಂತ್ರಾಂಶ ಬರೆದ ಆರೋಪದ ಮೇಲೆ ಒಬ್ಬನನ್ನು ಹಿಡಿಯಿತು. ಅವನು ಸಿಬಿಐನಲ್ಲೇ ಪ್ರೋಗ್ರಾಮರ್ ಆಗಿದ್ದ, ಅದಕ್ಕೂ ಮೊದಲು ಐಆರ್‌ಸಿಟಿಸಿಯಲ್ಲಿ ಕೆಲಸ ಮಾಡಿದ್ದ! 2025ರ ಜೂನಿನಲ್ಲಿ ರೈಲ್ವೆ ಇಲಾಖೆಯೇ ಹೇಳಿದ ಪ್ರಕಾರ ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳಲ್ಲಿ ಲಾಗಿನ್ ಆಗಲು ಯತ್ನಿಸುವವರಲ್ಲಿ ಅರ್ಧದಷ್ಟರವರೆಗೂ ಮನುಷ್ಯರಲ್ಲ, ಬಾಟ್‌ಗಳು. ಎರಡೂವರೆ ಕೋಟಿ ಅನುಮಾನಾಸ್ಪದ ಖಾತೆಗಳನ್ನು ಮುಚ್ಚಿದರು.

ಈಗ ಆ ಹಿಂದಿನ ಮಾತು ನೆನಪಿಸಿಕೊಳ್ಳಿ. ನಡುವೆ ನುಗ್ಗಿದವನಿಗೆ "ಹಿಂದ್ ಬಾ" ಅನ್ನೋಕೆ ಈ ಸಾಲಿನಲ್ಲಿ ಯಾರಿದ್ದಾರೆ? ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ, ಅವರಲ್ಲಿ ಮನುಷ್ಯರೆಷ್ಟು, ನೀವು ನಿಜವಾಗಲೂ ಸಾಲಿನಲ್ಲಿ ಇದ್ದೀರಾ ಅನ್ನೋದೂ ಗೊತ್ತಾಗೋದಿಲ್ಲ. ಕಾಣೋದು ಗಿರಗಿರ ತಿರುಗೋ ಒಂದು ಚಕ್ರ ಮಾತ್ರ. ಕ್ಯೂ ಹೋಗಲಿಲ್ಲ, ಕಣ್ಣಿಗೆ ಕಾಣದ ಹಾಗಾಯ್ತು.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ತಿಳಿದದ್ದು 2020ರ ಮೇ ತಿಂಗಳಿನಲ್ಲಿ. ಲಾಕ್‌ಡೌನಿನಿಂದ ಕೌಂಟರುಗಳೆಲ್ಲ ಮುಚ್ಚಿದ್ದವು. ಮೇ 12ರಿಂದ ದೆಹಲಿಗೆ ಹೋಗಿ ಬರುವ 15 ಜೋಡಿ ವಿಶೇಷ ರೈಲುಗಳನ್ನು ಬಿಟ್ಟಾಗ ಟಿಕೆಟ್ಟು ಆನ್‌ಲೈನಿನಲ್ಲಿ ಮಾತ್ರ ಅಂದರು. ಕೌಂಟರುಗಳು ಮತ್ತೆ ತೆರೆಯತೊಡಗಿದ್ದು ಮೇ 22ರಿಂದ. ಕೂಲಿ ಕಾರ್ಮಿಕರಿಗೆ ಅಂತ ಮೇ 1ರಿಂದ ಶ್ರಮಿಕ್ ರೈಲುಗಳು ಶುರುವಾಗಿದ್ದವು. ಕರ್ನಾಟಕದಿಂದ ಹೋಗುವವರು ಅದಕ್ಕೆ ಸೇವಾಸಿಂಧು ಪೋರ್ಟಲಿನಲ್ಲಿ ಹೆಸರು ನೋಂದಾಯಿಸಬೇಕಿತ್ತು. ನನ್ನ ಪಿಜಿ ಪಕ್ಕದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಒಡಿಶಾ, ಬಿಹಾರದ ಹುಡುಗರಿದ್ದರು. ಮೂರು ಸಂಜೆ ಅವರ ಜೊತೆ ಮರಳಿನ ರಾಶಿ ಮೇಲೆ ಕೂತು ನನ್ನ ಮೊಬೈಲಿನಲ್ಲಿ ಒಬ್ಬೊಬ್ಬರದೇ ಹೆಸರು, ಆಧಾರ್ ನಂಬರು, ಜಿಲ್ಲೆ, ಪಿನ್‌ಕೋಡು ತುಂಬಿದೆ. ಒಬ್ಬ ಹುಡುಗನಿಗೆ ತನ್ನ ಊರಿನ ಪಿನ್‌ಕೋಡ್ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದ, ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ನಾನೇ ಹುಡುಕಿದೆ. ಬೆಂಗಳೂರಿನ ಎತ್ತರದ ಕಟ್ಟಡಗಳನ್ನು ಕಟ್ಟಿದವನು ಮನೆಗೆ ಹೋಗೋದು ಆರು ಅಂಕಿಯ ಒಂದು ಖಾನೆಯ ಮೇಲೆ ನಿಂತಿತ್ತು. ರೈಲಿನ ಜನರಲ್ ಬೋಗಿ ಯಾವತ್ತೂ ಅವನ ಹೆಸರನ್ನು ಕೇಳಿದ್ದೇ ಇಲ್ಲ.

ಇನ್ನೂ ಒಂದು ಸಂಗತಿ ಇದೆ. ಇ-ಟಿಕೆಟ್ ಪೂರ್ತಿ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ಚಾರ್ಟ್ ಆದ ಮೇಲೆ ತಾನಾಗಿಯೇ ರದ್ದಾಗಿ ದುಡ್ಡು ವಾಪಸ್ ಬರುತ್ತೆ. ಕೌಂಟರಿನ ವೇಟಿಂಗ್ ಟಿಕೆಟ್ ಹಾಗೆ ತಾನಾಗಿ ರದ್ದಾಗೋದಿಲ್ಲ. ಹಾಗಾಗಿ ಬಹಳ ವರ್ಷ ಕೌಂಟರಿನ ಟಿಕೆಟ್ ಹಿಡಿದವನು ಹೇಗೋ ಹತ್ತಿ, ಟಿಟಿಇ ಹತ್ತಿರ ಮಾತಾಡಿ, ಬಾಗಿಲ ಬಳಿ ಕೂತಾದರೂ ಊರು ಸೇರುತ್ತಿದ್ದ. ನಿಯಮ ಅದನ್ನು ಒಪ್ಪುತ್ತಿರಲಿಲ್ಲ, ಆದರೆ ನಡೆಯುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದನ್ನೂ ಬಿಗಿ ಮಾಡಿದ್ದಾರೆ. ರಿಸರ್ವೇಶನ್ ಇದ್ದವರಿಗೆ ಅದು ನ್ಯಾಯವೇ. ಆದರೆ ಕಾಗದಕ್ಕೆ ಇದ್ದ ಆ ಸ್ವಲ್ಪ ಸಡಿಲು ಡೇಟಾಬೇಸಿನ ಸಾಲಿಗೆ ಇಲ್ಲ.

ಭಾಷೆಯೂ ಹಾಗೇ. ಕೌಂಟರಿನಲ್ಲಿ ಕನ್ನಡದಲ್ಲಿ ಫಾರಂ ತುಂಬಬಹುದಿತ್ತು, ಕನ್ನಡದಲ್ಲಿ ಜಗಳವೂ ಆಡಬಹುದಿತ್ತು! 2018ರಲ್ಲಿ ನೈರುತ್ಯ ರೈಲ್ವೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕಾಯ್ದಿರಿಸದ ಟಿಕೆಟ್ಟಿನ ಮೇಲೆ ಕನ್ನಡ ಮುದ್ರಿಸೋಕೆ ಶುರು ಮಾಡಿದಾಗ ಎಷ್ಟು ಖುಷಿ ಆಗಿತ್ತು. ಬುಕಿಂಗ್ ಸೈಟಿನಲ್ಲಿ ಮೊದಲು ಇಂಗ್ಲಿಷ್ ಇತ್ತು, ಆಮೇಲೆ ಹಿಂದಿ ಬಂತು. ಈಗ ಕಾಯ್ದಿರಿಸುವ ಟಿಕೆಟ್ಟುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಆನ್‌ಲೈನಿನಲ್ಲೇ ಆಗುತ್ತವೆ. ಅಂದರೆ ಅದೇ ಮುಖ್ಯ ಕಿಟಕಿ. ಮುಖ್ಯ ಕಿಟಕಿಯಲ್ಲಿ ನಮ್ಮ ಭಾಷೆ ಇರಬೇಕು ಅಂತ ಕೇಳೋದು ಬರೀ ಅಭಿಮಾನದ ಮಾತಲ್ಲ. ಕಾಕಾ ತಾನೇ ಸಾಲಿನಲ್ಲಿ ನಿಲ್ಲಬಹುದಾ ಅನ್ನೋದರ ಮಾತು.

ಹಾಗಂತ ಹಳೇದೇ ಚೆಂದ ಅಂತ ನಾನು ಹೇಳ್ತಾ ಇಲ್ಲ. ರಾತ್ರಿ ಪಾಳಿ ಮುಗಿಸಿ ಬರೋ ನರ್ಸ್ ಒಬ್ಬರಿಗೆ ಬೆಳಗ್ಗೆ ಕೌಂಟರಿಗೆ ಹೋಗಿ ನಿಲ್ಲೋಕೆ ಆಗುತ್ತಿತ್ತಾ? ರೈಲ್ವೆ ಸ್ಟೇಶನ್ನೇ ಇಲ್ಲದ ಊರಿನವರು ಒಂದು ಟಿಕೆಟ್ಟಿಗಾಗಿ ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬರೋರು. ಅಂಥವರಿಗೆ ನೆಟ್ಟು ದೊಡ್ಡ ಉಪಕಾರ ಮಾಡಿದೆ. 2005ರ ದೀಪಾವಳಿಗೆ ಬಸ್ ಟಿಕೆಟ್ ಸಿಗದೆ ಬೆಂಗಳೂರಿನಲ್ಲೇ ಉಳಿದ ಒಬ್ಬ ಯುವ ಇಂಜಿನಿಯರ್ ಗೆಳೆಯರ ಜೊತೆ ಸೇರಿ 2006ರಲ್ಲಿ ರೆಡ್‌ಬಸ್ ಕಟ್ಟಿದ ಕಥೆ ನಿಮಗೆ ಗೊತ್ತೇ ಇದೆ. ಯಾವ ಟ್ರಾವೆಲ್ಸ್ ಅಂಗಡಿಯಲ್ಲಿ ಎಷ್ಟು ಸೀಟು ಖಾಲಿ ಇದೆ ಅನ್ನೋದು ಅಲ್ಲಿಯವರೆಗೆ ಆಯಾ ಅಂಗಡಿಯವನಿಗೇ ಗೊತ್ತಿರುತ್ತಿತ್ತು. ಸೀಟು ಇದ್ದೂ ಕಾಣದೆ ಇದ್ದಾಗ ಕಾಣಿಸೋದೇ ಪರಿಹಾರ, ಅದನ್ನು ವೆಬ್‌ಸೈಟು ಚೆನ್ನಾಗಿ ಮಾಡುತ್ತೆ. ರೈಲಿನ ಸಮಸ್ಯೆ ಬೇರೆ. ಇಲ್ಲಿ ಸೀಟೇ ಕಡಿಮೆ. ಕಡಿಮೆ ಇದ್ದದ್ದನ್ನು ಹಂಚೋದು ತಂತ್ರಜ್ಞಾನದ ಪ್ರಶ್ನೆಗಿಂತ ನ್ಯಾಯದ ಪ್ರಶ್ನೆ.

ರೈಲ್ವೆ ಏನೂ ಮಾಡಿಲ್ಲ ಅಂತಲ್ಲ. 2014ರಲ್ಲಿ ಪ್ರೀಮಿಯಂ ತತ್ಕಾಲ್ ತಂದರು, ಬೇಡಿಕೆ ಏರಿದ ಹಾಗೆ ದರವೂ ಏರೋದು. ಅಲ್ಲಿ ದುಡ್ಡಿದ್ದವನೇ ಮುಂದೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲಿಗೆ ಆಧಾರ್ ದೃಢೀಕರಣ ಬೇಕೇ ಬೇಕು ಅಂದರು. ಮೊದಲ ಅರ್ಧ ಗಂಟೆ ಏಜೆಂಟರಿಗೆ ಬಾಗಿಲು ಮುಚ್ಚಿದರು. ಅಕ್ಟೋಬರ್ 1ರಿಂದ ಸಾಮಾನ್ಯ ರಿಸರ್ವೇಶನ್ನಿಗೂ ತೆರೆದ ಮೊದಲ 15 ನಿಮಿಷ ಆಧಾರ್ ಆದವರಿಗೆ ಮಾತ್ರ ಅಂತ ಶುರು ಮಾಡಿದರು. ಬಾಟ್‌ಗಳಿಗೆ ಇದರಿಂದ ಏಟು ಬಿದ್ದೇ ಬೀಳುತ್ತೆ. ಆದರೆ ಪಂದ್ಯ ಇನ್ನೂ ವೇಗದ್ದೇ. ಒಳ್ಳೆ ನೆಟ್ಟು, ಚುರುಕು ಬೆರಳು ಇದ್ದವನು ಗೆಲ್ಲುತ್ತಾನೆ. ತುರ್ತು ಯಾರದು ಅನ್ನೋದಕ್ಕೂ ಬೆರಳಿನ ವೇಗಕ್ಕೂ ಸಂಬಂಧವೇ ಇಲ್ಲ.

ನನ್ನ ತಲೆಯಲ್ಲಿ ಒಂದು ಯೋಚನೆ ಇದೆ, ನೀವೇ ನೋಡಿ. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಹೇಗೆ ನಡೆಯುತ್ತೆ? ಕೆಲವು ದಿನ ಸೈಟು ತೆರೆದಿರುತ್ತೆ. ಮೊದಲ ದಿನ ತುಂಬಿದವನಿಗೂ ಕೊನೆಯ ದಿನ ತುಂಬಿದವನಿಗೂ ವ್ಯತ್ಯಾಸ ಇಲ್ಲ. ಎಲ್ಲರದೂ ಬಂದ ಮೇಲೆ ರ‍್ಯಾಂಕಿನ ಪ್ರಕಾರ ಹಂಚುತ್ತಾರೆ. ಅಲ್ಲಿ ಸರ್ವರಿನ ವೇಗ ಯಾರ ಭವಿಷ್ಯವನ್ನೂ ಬದಲಿಸೋದಿಲ್ಲ. ಆರ್‌ಟಿಇ ಶಾಲಾ ಸೀಟುಗಳಿಗೆ ಆನ್‌ಲೈನ್ ಲಾಟರಿ ಎತ್ತುತ್ತಾರೆ. ತತ್ಕಾಲಿಗೂ ಹಾಗೇ ಮಾಡಬಹುದಲ್ಲ? 10ರಿಂದ 10:15ರವರೆಗೆ ಕೌಂಟರಿನಿಂದ, ಮೊಬೈಲಿನಿಂದ, ಎಲ್ಲಿಂದ ಬಂದರೂ ಕೋರಿಕೆಗಳನ್ನು ಸುಮ್ಮನೆ ತೆಗೆದುಕೊಳ್ಳೋದು. ಒಬ್ಬರಿಗೆ ಒಂದೇ ಕೋರಿಕೆ. ಆಮೇಲೆ ಲಾಟರಿ ಎತ್ತಿ ಹಂಚೋದು, ಸಿಗದವರಿಗೆ ಕೂಡಲೇ ತಿಳಿಸೋದು. ಕಾಕಾನ ನಿಧಾನ ಬೆರಳಿಗೂ ನನ್ನ ಫೈಬರ್ ಕನೆಕ್ಷನ್ನಿಗೂ ಆಗ ಒಂದೇ ಬೆಲೆ. ಬಾಟ್ ಬರೆಯೋದರಿಂದ ಲಾಭವೇ ಇರೋದಿಲ್ಲ. ಒಂದೇ ಸೆಕೆಂಡಿನಲ್ಲಿ ಬೀಳೋ ಹೊರೆ ಹದಿನೈದು ನಿಮಿಷಕ್ಕೆ ಹರಡಿಕೊಳ್ಳೋದರಿಂದ ಸರ್ವರೂ ನೆಮ್ಮದಿಯಾಗಿರುತ್ತೆ. ನಕಲಿ ಹೆಸರುಗಳಲ್ಲಿ ಕೋರಿಕೆ ತುಂಬುವವರನ್ನು ತಡೆಯಬೇಕು, ಅದಕ್ಕೆ ಗುರುತಿನ ಪರೀಕ್ಷೆ ಈಗಾಗಲೇ ಇದೆ.

ಇದರಿಂದ ಬರ್ತು ಒಂದೂ ಹೆಚ್ಚಾಗೋದಿಲ್ಲ. ಅದಕ್ಕೆ ಗಾಡಿಗಳೇ ಹೆಚ್ಚಬೇಕು, ಹಳಿಗಳು ಜೋಡಿಯಾಗಬೇಕು. ಆದರೆ ಸಿಗದೇ ಹೋದಾಗ "ನನ್ನ ಚೀಟಿ ಬರಲಿಲ್ಲ" ಅಂದುಕೊಳ್ಳೋದಕ್ಕೂ "ಯಾರೋ ನನ್ನ ಮುಂದೆ ನುಗ್ಗಿದರು, ಯಾರು ಅಂತಲೂ ಗೊತ್ತಿಲ್ಲ" ಅಂದುಕೊಳ್ಳೋದಕ್ಕೂ ಬಹಳ ಅಂತರ ಇದೆ. ಮೊದಲನೆಯದನ್ನು ನುಂಗಿಕೊಳ್ಳಬಹುದು.

ನಿಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರು ಬಹಳ ಜನ ಇದ್ದೀರಿ. ಈ ಲಾಟರಿ ಯೋಚನೆಯಲ್ಲಿ ಎಲ್ಲಿ ತೂತು ಇದೆ ಅಂತ ಹೇಳಿ. ಹಾಗೇ ರಿಜಿಸ್ಟರು, ಟೆಲಿಗ್ರಾಂ ಕಾಲದ ರಿಸರ್ವೇಶನ್ ನೆನಪು ನಿಮ್ಮ ಮನೆಯ ಹಿರಿಯರಿಗೆ ಇದ್ದರೆ ಕೇಳಿ ಬರೆಯಿರಿ. ಬಂದ ಉತ್ತರಗಳನ್ನು ಇನ್ನೊಂದು ಬರಹದಲ್ಲಿ ಸೇರಿಸ್ತೀನಿ.